ಗುಜರಿಯಲ್ಲಿ ಬೆಲೆ ಇಲ್ಲದ ಗಾಜು



ಹಳೆಯ ಫಿಲಂ ಸ್ಕ್ಯಾನರ್ ಒಂದು ಗುಜರಿ ಅಂಗಡಿ ಸೇರಿತೆನ್ನಿ, ಅಲ್ಲಿ ಅದರ ಪಾಲು ಪಾರೀಕತ್ತು ನಡೆಯುತ್ತದೆ. ಹೊರಗಿನ ಪ್ಲಾಸ್ಟಿಕ್ ಒಂದು ಚೀಲಕ್ಕೆ. ಸರ್ಕ್ಯೂಟ್ ಬೋರ್ಡು ಇನ್ನೊಂದಕ್ಕೆ, ಅದರಲ್ಲಿ ತಾಮ್ರ ಇದೆ, ಅಲ್ಲಲ್ಲಿ ಚೂರು ಚಿನ್ನದ ಲೇಪವೂ ಇದೆ. ಮೋಟಾರು, ಅಲ್ಯೂಮಿನಿಯಂ ಚೌಕಟ್ಟು, ಉಕ್ಕಿನ ಸರಳು ಇವಕ್ಕೆಲ್ಲ ಕೆ.ಜಿ. ಲೆಕ್ಕದಲ್ಲಿ ದರ ಉಂಟು. ಕೊನೆಗೆ ಉಳಿಯುವುದು ಒಂದು ಗಿಡ್ಡನೆಯ ಕಪ್ಪು ಕೊಳವೆ. ಒಳಗೆ ಇರುವುದು ಗಾಜು. ಅಷ್ಟು ಚೂರು ಗಾಜನ್ನು ಅಲ್ಲಿ ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅದು ಕಸದ ಬುಟ್ಟಿಗೆ ಬೀಳುತ್ತದೆ.

ಆ ಯಂತ್ರದಲ್ಲಿ ಅತ್ಯಂತ ಶ್ರಮ ಬೇಡಿದ ಭಾಗಗಳಲ್ಲಿ ಅದೂ ಒಂದು. ಕೊಳವೆಯೊಳಗಿನ ಮಸೂರವನ್ನು, ಲೆನ್ಸನ್ನು, ಹೊರತೆಗೆದು ಕ್ಯಾಮೆರಾದ ಮುಂದೆ ಕೂರಿಸಿದರೆ ಇರುವೆಯ ಮುಖ, ಚಿಟ್ಟೆಯ ರೆಕ್ಕೆಯ ಹುರುಪೆ, ಸೀರೆಯ ಜರಿ ಎಳೆ ಬೆರಗಾಗುವಷ್ಟು ಸ್ಪಷ್ಟವಾಗಿ ಮೂಡುತ್ತವೆ. ಇವತ್ತು ಮಾತಾಡಹೊರಟಿರುವುದು ಈ ಕೆಲಸದ ಬಗ್ಗೆ. ಫೋಟೋದ ವಿಚಾರವನ್ನು ರೇಡಿಯೋದಲ್ಲಿ ಹೇಳುವುದು ಸ್ವಲ್ಪ ತಮಾಷೆಯೇ, ತೋರಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ಆದರೆ ಇದರ ಒಳಗುಟ್ಟು ಇರುವುದು ಲೆಕ್ಕದಲ್ಲಿ, ಲೆಕ್ಕವನ್ನು ಬಾಯಲ್ಲಿ ಹೇಳಬಹುದು. ನಾನು ಭೌತಶಾಸ್ತ್ರ ಕಲಿಸಿದವನು, ಹಾಗಾಗಿ ನಡುನಡುವೆ ಒಂದೆರಡು ಗುಣಾಕಾರ ಬಂದರೆ ಸಹಿಸಿಕೊಳ್ಳಿ.

1990ರ ದಶಕದ ನಡುವಿನಿಂದ ಹತ್ತು ಹದಿನೈದು ವರ್ಷ ಒಂದು ವಿಚಿತ್ರ ಕಾಲ ಇತ್ತು. ಫೋಟೋ ತೆಗೆಯುತ್ತಿದ್ದುದು ಫಿಲಮ್ಮಿನಲ್ಲಿ, ಪತ್ರಿಕೆಯ ಪುಟ ಕಟ್ಟುತ್ತಿದ್ದುದು ಕಂಪ್ಯೂಟರಿನಲ್ಲಿ. ನೆಗೆಟಿವ್ ಅಥವಾ ಸ್ಲೈಡನ್ನು ಕಂಪ್ಯೂಟರಿನೊಳಕ್ಕೆ ಕಳಿಸಲು ಒಂದು ಯಂತ್ರ ಬೇಕಾಯಿತು. ಜಪಾನಿನ ನಿಕಾನ್ ಕಂಪನಿ ಕೂಲ್‌ಸ್ಕ್ಯಾನ್ ಎಂಬ ಹೆಸರಿನಲ್ಲಿ, ಮಿನೋಲ್ಟಾ ಕಂಪನಿ ಡಿಮಾಜ್ ಸ್ಕ್ಯಾನ್ ಎಂಬ ಹೆಸರಿನಲ್ಲಿ ಇಂಥ ಯಂತ್ರಗಳನ್ನು ಸಾಲುಸಾಲಾಗಿ ತಂದವು. ಪತ್ರಿಕಾ ಕಚೇರಿ, ಜಾಹೀರಾತು ಕಂಪನಿ, ದೊಡ್ಡ ಸ್ಟುಡಿಯೋಗಳಲ್ಲಿ ಇವು ಇದ್ದವು. ಫಿಲಂ ಪಟ್ಟಿಯನ್ನು ಬಾಯಿಗೆ ತುರುಕಿದರೆ ಗರಗರ ಸದ್ದು ಮಾಡುತ್ತ ಒಂದೊಂದೇ ಗೆರೆ ಓದುತ್ತ ಹೋಗುತ್ತಿತ್ತು. ಒಂದು ಚಿತ್ರಕ್ಕೆ ಕೆಲವು ನಿಮಿಷ. ಚಹಾ ಕುಡಿದು ಬರಬಹುದಿತ್ತು.

ಮಿನೋಲ್ಟಾದ ಒಂದು ಮಾದರಿ ಡಿಮಾಜ್ ಸ್ಕ್ಯಾನ್ ಎಲೀಟ್ 5400. ಅದು ಬಂದದ್ದು 2003ರಲ್ಲಿ. ಹೆಸರಿನಲ್ಲಿರುವ 5400 ಎಂದರೆ ಒಂದು ಅಂಗುಲದ ಫಿಲಮ್ಮಿನಲ್ಲಿ ಅದು 5400 ಬಿಂದುಗಳನ್ನು ಬೇರೆಬೇರೆಯಾಗಿ ಓದುತ್ತಿತ್ತು. ಒಂದು ಅಂಗುಲ ಎಂದರೆ 25.4 ಮಿಲಿಮೀಟರ್. ಭಾಗಿಸಿ ನೋಡಿ, ಒಂದು ಬಿಂದುವಿಗೆ ಸಿಗುವ ಜಾಗ 4.7 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, ಒಂದು ಕೂದಲಿನ ಅಡ್ಡಕ್ಕೆ ಹದಿನೈದು ಬಿಂದುಗಳು ಕೂರುತ್ತವೆ. ಅಷ್ಟು ಸಣ್ಣ ಬಿಂದುಗಳನ್ನು ಒಂದರ ಪಕ್ಕ ಒಂದು ಕಲಸಿಹೋಗದಂತೆ ತೋರಿಸಬೇಕಾದರೆ ನಡುವೆ ಇರುವ ಮಸೂರ ಎಂಥದಿರಬೇಕು? ಮಾಮೂಲಿ ಕ್ಯಾಮೆರಾ ಲೆನ್ಸನ್ನು ಅಲ್ಲಿಟ್ಟರೆ ಅಂಚಿನ ಬಿಂದುಗಳು ಕರಡಿ ಮಸಕಾಗುತ್ತವೆ. ಆದ್ದರಿಂದ ಅವರು ಅದಕ್ಕೆಂದೇ ಸುಮಾರು 40 ಮಿ.ಮೀ. ಫೋಕಲ್ ದೂರದ ಒಂದು ಮಸೂರವನ್ನು ವಿನ್ಯಾಸ ಮಾಡಿದರು. ಅದನ್ನು ಬೇರೆ ಎಲ್ಲೂ ಮಾರಲಿಲ್ಲ. ಅದು ಯಂತ್ರದ ಹೊಟ್ಟೆಯೊಳಗೇ ಹುಟ್ಟಿ ಅಲ್ಲೇ ಕೂತಿತ್ತು.

ನಿಕಾನಿನ ಸೂಪರ್ ಕೂಲ್‌ಸ್ಕ್ಯಾನ್ 9000 ಇನ್ನೂ ದೊಡ್ಡ ಯಂತ್ರ. ಮದುವೆ ಫೋಟೋಗ್ರಾಫರುಗಳು ಬಳಸುತ್ತಿದ್ದ ಅಗಲದ 120 ಫಿಲಮ್ಮನ್ನೂ ಅದು ಓದುತ್ತಿತ್ತು, ಅಂಗುಲಕ್ಕೆ 4000 ಬಿಂದುಗಳ ಲೆಕ್ಕದಲ್ಲಿ. ಬೆಲೆ ಸುಮಾರು ಎರಡು ಸಾವಿರ ಡಾಲರ್. ಅದರೊಳಗಿನ ಸ್ಕ್ಯಾನರ್ ನಿಕ್ಕೋರ್ ಮಸೂರದಲ್ಲಿ 14 ಗಾಜುಗಳಿವೆ, ಆರು ಗುಂಪಾಗಿ ಅಂಟಿಸಿದ್ದು. ಹೋಲಿಕೆಗೆ ಹೇಳುವುದಾದರೆ ಆಗಿನ ಕ್ಯಾಮೆರಾಗಳ ಜೊತೆ ಬರುತ್ತಿದ್ದ 50 ಮಿ.ಮೀ. ಲೆನ್ಸಿನಲ್ಲಿ ಆರೋ ಏಳೋ ಗಾಜು ಇರುತ್ತಿದ್ದವು, ಅಷ್ಟೆ. ಮುಂದೆ ಹಿಂದೆ ಜರುಗುವ ಜೂಮ್ ಕೂಡ ಇಲ್ಲದ, ಒಂದೇ ಕಡೆ ಕೂತಿರುವ ಮಸೂರಕ್ಕೆ 14 ಗಾಜು ಏಕೆ ಸುರಿದರು ಎಂದು ಕೇಳಿದರೆ ಉತ್ತರ ಬಣ್ಣದಲ್ಲಿದೆ.

ಗಾಜು ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮನಾಗಿ ಬಗ್ಗಿಸುವುದಿಲ್ಲ. ನೀಲಿಯನ್ನು ಹೆಚ್ಚು ಬಗ್ಗಿಸುತ್ತದೆ, ಕೆಂಪನ್ನು ಕಡಿಮೆ. ಹಾಗಾಗಿ ನೀಲಿ ಬಿಂಬ ಒಂದು ಕೂದಲೆಳೆ ಮುಂದೆ, ಕೆಂಪು ಬಿಂಬ ಒಂದು ಕೂದಲೆಳೆ ಹಿಂದೆ ಬೀಳುತ್ತದೆ. ಮಾಮೂಲಿ ಲೆನ್ಸಿನಲ್ಲಿ ತೆಗೆದ ಚಿತ್ರವನ್ನು ತುಂಬ ಹಿಗ್ಗಿಸಿ ನೋಡಿದರೆ ಕಪ್ಪು ಕೊಂಬೆಯ ಅಂಚಿಗೆ ನೇರಳೆ ಗೆರೆ ಕಾಣುತ್ತದಲ್ಲ, ಅದು ಇದೇ ದೋಷ. ಕೂಲ್‌ಸ್ಕ್ಯಾನ್ ಯಂತ್ರ ಬಿಳಿ ಬೆಳಕನ್ನು ಬಳಸುವುದಿಲ್ಲ. ಅದರಲ್ಲಿ ಕೆಂಪು, ಹಸಿರು, ನೀಲಿ ಎಲ್‌ಇಡಿಗಳು ಒಂದಾದಮೇಲೊಂದು ಹತ್ತುತ್ತವೆ, ಸೆನ್ಸರಿಗೆ ಬಣ್ಣ ಗೊತ್ತಿಲ್ಲ, ಬರೀ ಬೆಳಕಿನ ಪ್ರಮಾಣ ಗೊತ್ತು. ಮೂರು ಸಲ ಅಳೆದು ಮೂರನ್ನೂ ಕೂಡಿಸಿ ಬಣ್ಣದ ಚಿತ್ರ ಮಾಡುತ್ತದೆ. ಮೂರರಲ್ಲಿ ಒಂದು ಬಣ್ಣ ಒಂದಿಷ್ಟು ದೊಡ್ಡದಾಗಿ ಬಿದ್ದರೂ ಇಡೀ ಚಿತ್ರಕ್ಕೆ ಬಣ್ಣದ ಅಂಚು ಬಂದುಬಿಡುತ್ತದೆ. ಆದ್ದರಿಂದ ಮಸೂರ ಮೂರೂ ಬಣ್ಣಗಳನ್ನು ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಕೂಡಿಸಬೇಕು.

ಮೂರು ಸಾಲದೆಂಬಂತೆ ನಾಲ್ಕನೆಯದೂ ಒಂದಿತ್ತು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ನಮ್ಮ ಪಠ್ಯಪುಸ್ತಕದ ಅವಕೆಂಪು ಕಿರಣ. ಇದು ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಬಣ್ಣದ ಫಿಲಮ್ಮಿನಲ್ಲಿ ಕೊನೆಗೆ ಉಳಿಯುವುದು ಬಣ್ಣದ ರಾಸಾಯನಿಕ ಮಾತ್ರ, ಬೆಳ್ಳಿ ತೊಳೆದುಹೋಗಿರುತ್ತದೆ. ಆ ಬಣ್ಣಗಳು ಅವಕೆಂಪು ಕಿರಣವನ್ನು ತಡೆಯುವುದಿಲ್ಲ, ಅದರ ಕಣ್ಣಿಗೆ ಫಿಲಂ ಬರೀ ಸ್ಪಷ್ಟ ಗಾಜಿನ ಹಾಗೆ. ಆದರೆ ಫಿಲಮ್ಮಿನ ಮೇಲೆ ಕೂತ ಧೂಳು, ಗೀರು ಅದನ್ನು ತಡೆಯುತ್ತವೆ. ಅಂದರೆ ಆ ಕಿರಣದಲ್ಲಿ ತೆಗೆದ ನಾಲ್ಕನೆಯ ಚಿತ್ರದಲ್ಲಿ ಧೂಳಿನ ನಕ್ಷೆಯೊಂದೇ ಮೂಡುತ್ತದೆ! ಆ ನಕ್ಷೆ ನೋಡಿಕೊಂಡು ಕಂಪ್ಯೂಟರ್ ಚಿತ್ರದಲ್ಲಿನ ಧೂಳನ್ನು ಅಳಿಸುತ್ತದೆ. ಡಿಜಿಟಲ್ ಐಸ್ ಎಂದು ಅದರ ಹೆಸರು, ಅಮೆರಿಕದ ಅಪ್ಲೈಡ್ ಸೈನ್ಸ್ ಫಿಕ್ಷನ್ ಎಂಬ ಕಂಪನಿ ರೂಪಿಸಿದ್ದು. ಕಂಪನಿಯ ಹೆಸರೇ ವೈಜ್ಞಾನಿಕ ಕಥೆ, ಮಾಡಿದ ಕೆಲಸ ಮಾತ್ರ ಅಪ್ಪಟ ನಿಜ. ಆದರೆ ಅಜ್ಜ ಅಜ್ಜಿಯರ ಕಾಲದ ಕಪ್ಪು ಬಿಳುಪು ನೆಗೆಟಿವ್‌ಗಳಲ್ಲಿ ಬೆಳ್ಳಿಯೇ ಉಳಿದಿರುತ್ತದೆ. ಬೆಳ್ಳಿ ಅವಕೆಂಪು ಕಿರಣವನ್ನು ತಡೆಯುವುದರಿಂದ ಅವುಗಳ ಮೇಲೆ ಈ ವಿದ್ಯೆ ನಡೆಯದು.

ನಾಲ್ಕನೆಯ ಕಿರಣದ ನಕ್ಷೆ ಉಳಿದ ಮೂರರ ಮೇಲೆ ತಾಳೆಯಾಗಿ ಕೂರಬೇಕಾದ್ದರಿಂದ ಮಸೂರದ ಹೊಣೆ ಇನ್ನಷ್ಟು ಹೆಚ್ಚಿತು. ನೀಲಿಯಿಂದ ಹಿಡಿದು ಕಣ್ಣಿಗೆ ಕಾಣದ ಅಂಚಿನವರೆಗೆ ಬಣ್ಣದ ದೋಷ ತಿದ್ದಬೇಕೆಂದಾಗ ಅಗ್ಗದ ಗಾಜು ಸಾಲದು, ಇಡಿ ಎಂದು ಕರೆಯುವ ವಿಶೇಷ ಗಾಜು ಬೇಕು.

ಇಷ್ಟೆಲ್ಲ ಕಷ್ಟದ ನಡುವೆ ಈ ಮಸೂರಕ್ಕೆ ಒಂದು ದೊಡ್ಡ ರಿಯಾಯಿತಿ ಇತ್ತು. ಅದು ಬೆಟ್ಟ ನೋಡಬೇಕಿಲ್ಲ, ಮಗುವಿನ ಮುಖ ನೋಡಬೇಕಿಲ್ಲ. ಹುಟ್ಟಿನಿಂದ ಸಾಯುವವರೆಗೆ ಒಂದೇ ದೂರದಲ್ಲಿರುವ, ಚಪ್ಪಟೆಯಾದ ಒಂದು ಫಿಲಂ ತುಂಡನ್ನು ನೋಡಿದರೆ ಸಾಕು. ಕ್ಯಾಮೆರಾ ಲೆನ್ಸು ಮಾಡುವವರು ಹತ್ತಿರ ದೂರ ಎರಡಕ್ಕೂ, ಕತ್ತಲೆ ಬಿಸಿಲು ಎರಡಕ್ಕೂ ಒಗ್ಗುವಂತೆ ರಾಜಿ ಮಾಡಿಕೊಳ್ಳಬೇಕು, ತೂಕ ನೋಡಬೇಕು, ಬೆಲೆ ನೋಡಬೇಕು. ಮದುವೆ ಮನೆಯ ಅಡುಗೆಯಲ್ಲಿ ಚಿರೋಟಿ ಒಂದನ್ನೇ ಮಾಡಲು ಬರುವ ಭಟ್ಟರು ಇರುತ್ತಾರಲ್ಲ, ಅವರನ್ನು ಹುಳಿ ಮಾಡಿ ಎಂದು ಯಾರೂ ಕೇಳುವುದಿಲ್ಲ. ಸ್ಕ್ಯಾನರಿನ ಮಸೂರವೂ ಹಾಗೆ. ಈ ಗುಣ ನೆನಪಿಟ್ಟುಕೊಂಡರೆ ಅದನ್ನು ಬಳಸುವ ವಿಧಾನದ ಮುಕ್ಕಾಲು ಪಾಲು ತಾನೇ ಹೊಳೆಯುತ್ತದೆ.

ಇಂಥ ಯಂತ್ರ ಗುಜರಿಗೆ ಬಂದದ್ದಾದರೂ ಹೇಗೆ? ಗಾಜು ಹಳತಾಗಿ ಅಲ್ಲ. ಡಿಜಿಟಲ್ ಕ್ಯಾಮೆರಾ ಬಂದು ಫಿಲಂ ಹೋಯಿತು, ಆ ಹೊತ್ತಿಗೆ ಕೊನಿಕಾ ಮಿನೋಲ್ಟಾ ಎಂದಾಗಿದ್ದ ಮಿನೋಲ್ಟಾ 2006ರ ಜನವರಿಯಲ್ಲಿ ಕ್ಯಾಮೆರಾ ವ್ಯವಹಾರದಿಂದಲೇ ಹೊರಬೀಳುವುದಾಗಿ ಘೋಷಿಸಿತು. ಕೆಲವು ವರ್ಷದಲ್ಲಿ ನಿಕಾನ್ ಕೂಡ ಸ್ಕ್ಯಾನರ್ ಮಾಡುವುದನ್ನು ಬಿಟ್ಟಿತು. ಹಳೆಯ ಸ್ಕ್ಯಾನರುಗಳಿಗೆ ಬೇಕಾದ ಸ್ಕಸಿ ಕೇಬಲ್, ಆಮೇಲಿನವಕ್ಕೆ ಬೇಕಾದ ಫೈರ್‌ವೈರ್ ಕಿಂಡಿ ಹೊಸ ಕಂಪ್ಯೂಟರುಗಳಲ್ಲಿ ಇಲ್ಲ. ಕಂಪನಿ ಕೊಟ್ಟ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಏಳುವುದಿಲ್ಲ. ಹೀಗೆ ಒಂದು ಕೇಬಲ್ಲಿನ ದೆಸೆಯಿಂದ ಇಡೀ ಯಂತ್ರ ಅಟ್ಟ ಹತ್ತಿತು, ಅಟ್ಟದಿಂದ ಗುಜರಿಗೆ ಇಳಿಯಿತು.

ಇನ್ನು ಮ್ಯಾಕ್ರೋ ಫೋಟೋಗ್ರಫಿಯ ಮಾತು. ವಸ್ತು ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡ ಬಿಂಬ ಕ್ಯಾಮೆರಾದ ಸೆನ್ಸರಿನ ಮೇಲೆ ಬಿದ್ದರೆ ಅದನ್ನು ಒಂದಕ್ಕೆ ಒಂದು ಎನ್ನುತ್ತೇವೆ. ಅಂಗಡಿಯಲ್ಲಿ ಸಿಗುವ ಬಹುಪಾಲು ಮ್ಯಾಕ್ರೋ ಲೆನ್ಸುಗಳು ಅಲ್ಲಿಗೆ ನಿಲ್ಲುತ್ತವೆ. ಹತ್ತು ಪಟ್ಟು ಬೇಕೆಂದರೆ ಸೂಕ್ಷ್ಮದರ್ಶಕದ ಆಬ್ಜೆಕ್ಟಿವ್ ಇದೆ. ನಡುವಿನ ಜಾಗ, ಎರಡು ಪಟ್ಟು ಮೂರು ಪಟ್ಟಿನ ಪ್ರದೇಶ, ಯಾವಾಗಲೂ ಬಡವಾಗಿತ್ತು. ಹಿಂದೆ ಜರ್ಮನಿಯ ಝೈಸ್ ಲ್ಯೂಮಿನಾರ್, ಲೈಟ್ಜ್ ಫೋಟಾರ್, ಜಪಾನಿನ ಮ್ಯಾಕ್ರೋ ನಿಕ್ಕೋರ್ ಎಂಬ ಪ್ರಯೋಗಾಲಯದ ಮಸೂರಗಳಿದ್ದವು, ಈಗ ಅವು ಸಂಗ್ರಾಹಕರ ಪಾಲು. ಕ್ಯಾನನ್ 1999ರಲ್ಲಿ ಒಂದರಿಂದ ಐದು ಪಟ್ಟಿನ 65 ಮಿ.ಮೀ. ಲೆನ್ಸು ತಂದಿತು, ಒಳ್ಳೆಯದೇ, ಆದರೆ ಬೆಲೆ ಎಲ್ಲರ ಕೈಗೆ ಎಟಕುವುದಲ್ಲ. ಈ ಖಾಲಿ ಜಾಗಕ್ಕೆ ಸ್ಕ್ಯಾನರ್ ಮಸೂರ ಸರಿಯಾಗಿ ಹೊಂದುತ್ತದೆ ಎಂದು ಕಂಡುಕೊಂಡವರು ಅಮೆರಿಕ ಮತ್ತು ಯುರೋಪಿನ ಕೆಲವು ಹಟಮಾರಿ ಹವ್ಯಾಸಿಗಳು. ಅವರು ಪರೀಕ್ಷೆಗೆ ಇಟ್ಟುಕೊಳ್ಳುವ ವಸ್ತು ಚಿಪ್ ತಯಾರಿಸುವ ಸಿಲಿಕಾನ್ ತಟ್ಟೆ. ಕನ್ನಡಿಗಿಂತ ಚಪ್ಪಟೆ, ಮೇಲೆ ಮೈಕ್ರಾನ್ ಲೆಕ್ಕದ ಗೆರೆಗಳು. ಮಸೂರ ಸುಳ್ಳು ಹೇಳಿದರೆ ಅದರ ಮೇಲೆ ತಕ್ಷಣ ಸಿಕ್ಕಿಬೀಳುತ್ತದೆ. ಹಾಗೆ ಹೋಲಿಸಿ ನೋಡಿದವರು ಮಿನೋಲ್ಟಾ 5400ರ ಪುಟ್ಟ ಮಸೂರವನ್ನು ಎರಡು ಪಟ್ಟಿನ ಆಸುಪಾಸಿನಲ್ಲಿ ಮೆಚ್ಚಿಕೊಂಡರು. ಬಣ್ಣದ ಅಂಚು ಹುಡುಕಿದರೂ ಸಿಗುವುದು ಕಷ್ಟ.

ಎರಡು ಪಟ್ಟೇ ಏಕೆ? ಇಲ್ಲಿ ನನ್ನ ಗುಣಾಕಾರ. ಆ ಸ್ಕ್ಯಾನರ್ ಓದುತ್ತಿದ್ದ ಫಿಲಮ್ಮಿನಲ್ಲಿ ಚಿತ್ರದ ಅಗಲ 24 ಮಿ.ಮೀ. ಅಂದರೆ ಮಸೂರ 24 ಮಿ.ಮೀ. ಅಡ್ಡಳತೆಯ ವೃತ್ತವನ್ನು ಚೆನ್ನಾಗಿ ನೋಡಬಲ್ಲದು, ಅದರಾಚೆ ನೋಡು ಎಂದು ಅದಕ್ಕೆ ಯಾರೂ ಹೇಳಿಲ್ಲ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36ಕ್ಕೆ 24 ಮಿ.ಮೀ., ಮೂಲೆಯಿಂದ ಮೂಲೆಗೆ 43. ಎರಡು ಪಟ್ಟು ಹಿಗ್ಗಿಸಿದಾಗ ಅದು ನೋಡುವ ವಸ್ತುವಿನ ಮೂಲೆಯಿಂದ ಮೂಲೆಗೆ 21.6 ಮಿ.ಮೀ., ಅದು 24ರ ವೃತ್ತದೊಳಗೆ ಸಲೀಸಾಗಿ ಕೂತಿತು. ಅದೇ ಮಸೂರವನ್ನು ಒಂದಕ್ಕೆ ಒಂದರಲ್ಲಿ ಬಳಸಿದರೆ 43 ಮಿ.ಮೀ. ನೋಡು ಎಂದು ಕೇಳಿದಂತಾಯಿತು, ಮೂಲೆಗಳು ಕೆಡುತ್ತವೆ. ನಿಕಾನ್ 9000ರ ಮಸೂರಕ್ಕೆ ಆ ತೊಂದರೆ ಇಲ್ಲ. ಅದು 120 ಫಿಲಮ್ಮಿನ ಚಿತ್ರದ ಐವತ್ತಾರು ಮಿ.ಮೀ. ಅಗಲವನ್ನು ನೋಡುತ್ತಿದ್ದುದು, ಹಾಗಾಗಿ ಒಂದಕ್ಕೆ ಒಂದರಲ್ಲೇ ಅದಕ್ಕೆ ಸುಖ. ಯಾವ ಸ್ಕ್ಯಾನರ್ ಎಂದು ಗೊತ್ತಾದರೆ ಅದರ ಮಸೂರ ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಹೀಗೆ ಕಾಗದದ ಮೇಲೇ ಅಂದಾಜು ಮಾಡಬಹುದು.

ಕೈಕೆಲಸಕ್ಕೆ ಬರೋಣ. ಸ್ಕ್ಯಾನರ್ ಬಿಚ್ಚುವ ಮೊದಲು ಪ್ಲಗ್ ಕಿತ್ತು ಒಂದು ದಿನ ಬಿಡಿ, ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಕೆಲವು ಯಂತ್ರಗಳಲ್ಲಿ ಬಳಪದಂಥ ತೆಳ್ಳನೆಯ ಟ್ಯೂಬ್‌ಲೈಟ್ ಇರುತ್ತದೆ, ಅದರಲ್ಲಿ ಪಾದರಸ ಇದೆ, ಒಡೆಯಬೇಡಿ. ಮಸೂರ ಕಂಡ ಕೂಡಲೇ ಕೀಳಬೇಡಿ. ಮೊದಲು ಅದರ ಯಾವ ಮುಖ ಫಿಲಮ್ಮಿನ ಕಡೆಗಿದೆ ಎಂದು ನೋಡಿ ಮಾರ್ಕರಿನಿಂದ ಒಂದು ಚುಕ್ಕಿ ಇಡಿ. ಹೊರಗೆ ಬಂದಮೇಲೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಸ್ಕ್ಯಾನರಿನೊಳಗೆ ಬಿಂಬ ಫಿಲಮ್ಮಿಗಿಂತ ದೊಡ್ಡದಾಗಿ ಬೀಳುತ್ತಿದ್ದರೆ ಫಿಲಂ ಕಡೆಯ ಮುಖವನ್ನೇ ನಿಮ್ಮ ಇರುವೆಯ ಕಡೆಗೆ ತಿರುಗಿಸಬೇಕು. ಚಿಕ್ಕದಾಗಿ ಬೀಳುತ್ತಿದ್ದರೆ ಮಸೂರವನ್ನು ತಿರುವುಮುರುವು ಮಾಡಬೇಕು. ಗೊತ್ತಾಗದಿದ್ದರೆ ಎರಡೂ ರೀತಿ ತೆಗೆದು ಮೂಲೆಗಳನ್ನು ಹೋಲಿಸಿ, ಉತ್ತರ ಚಿತ್ರವೇ ಹೇಳುತ್ತದೆ.

ಈ ಕೊಳವೆಗೆ ತಿರುಪಿನ ಹಲ್ಲು ಇರುವುದಿಲ್ಲ. ಯಂತ್ರದೊಳಗೆ ಅದನ್ನು ಪಟ್ಟಿ ಬಿಗಿದು ಕೂರಿಸಿರುತ್ತಾರೆ. ಹಾಗಾಗಿ ಕ್ಯಾಮೆರಾಕ್ಕೆ ಜೋಡಿಸಲು ಒಂದು ರಿಂಗು ಬೇಕು. 42 ಮಿ.ಮೀ. ಹಲ್ಲಿನ ಹಳೆಯ ಎಕ್ಸ್‌ಟೆನ್ಷನ್ ಟ್ಯೂಬುಗಳು ಅಗ್ಗಕ್ಕೆ ಸಿಗುತ್ತವೆ. ಮಸೂರದ ಮೈಗೆ ಟೇಪು ಸುತ್ತಿ ಟ್ಯೂಬಿನ ತುದಿಗೆ ಬಿಗಿಯಾಗಿ ಕೂರಿಸಿದರೂ ಪ್ರಯೋಗಕ್ಕೆ ಸಾಕು. ಗಟ್ಟಿ ಕೆಲಸ ಬೇಕಿದ್ದರೆ ಲೇತ್ ಇರುವ ವರ್ಕ್‌ಶಾಪಿನಲ್ಲಿ ಅಳತೆ ಕೊಟ್ಟು ಒಂದು ಅಲ್ಯೂಮಿನಿಯಂ ಬುಷ್ ಮಾಡಿಸಿಕೊಳ್ಳಿ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಲೇತ್ ಕೆಲಸಗಾರರಿಗೆ ಇದು ಬಲು ಸುಲಭದ ಕೆಲಸ. ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳುವವರೂ ಇದ್ದಾರೆ. ನಾನಂತೂ ಲೋಹವನ್ನೇ ನಂಬುತ್ತೇನೆ.

ಟ್ಯೂಬು ಎಷ್ಟು ಉದ್ದ ಇರಬೇಕು? 40 ಮಿ.ಮೀ. ಮಸೂರವನ್ನು ಎರಡು ಪಟ್ಟಿನಲ್ಲಿ ಬಳಸುವುದಾದರೆ ಮಸೂರದಿಂದ ಸೆನ್ಸರಿಗೆ 120 ಮಿ.ಮೀ., ವಸ್ತುವಿಗೆ 60. ನಿಕಾನ್ 9000ರ 100 ಮಿ.ಮೀ. ಮಸೂರ ಒಂದಕ್ಕೆ ಒಂದಾದರೆ ಎರಡೂ ಕಡೆ 200. ಈ ಮಸೂರಗಳಲ್ಲಿ ಫೋಕಸ್ ರಿಂಗ್ ಇಲ್ಲ, ಬೆಳಕಿನ ಕಿಂಡಿ ಕಿರಿದು ಮಾಡುವ ಅಪರ್ಚರ್ ಇಲ್ಲ. ಇಡೀ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಿ ಫೋಕಸ್ ಮಾಡಬೇಕು. ಟ್ಯೂಬಿನ ಒಳಮೈಗೆ ಕಪ್ಪು ವೆಲ್ವೆಟ್ ಕಾಗದ ಅಂಟಿಸುವುದನ್ನು ಮರೆಯಬೇಡಿ. ಯಂತ್ರದೊಳಗೆ ಈ ಮಸೂರ ಕತ್ತಲಲ್ಲಿ ಇತ್ತು, ಹೊರಗಿನ ಅಡ್ಡಬೆಳಕು ಅದಕ್ಕೆ ಹೊಸತು. ಟ್ಯೂಬಿನ ಹೊಳಪು ಗೋಡೆಗೆ ಬಡಿದು ಬರುವ ಬೆಳಕು ಚಿತ್ರದ ನಡುವೆ ಒಂದು ಬಿಳಿ ಮಂಜು ತರುತ್ತದೆ. ಮಸೂರವೇ ಕೆಟ್ಟದ್ದೆಂದು ಎಸೆದವರು ಎಷ್ಟೋ ಸಲ ಬೈಯಬೇಕಾದದ್ದು ಈ ಟ್ಯೂಬನ್ನು.

ಅಪರ್ಚರ್ ಇಲ್ಲದಿರುವುದು ಕೊರತೆಯಲ್ಲ. ಹಿಗ್ಗಿಸುತ್ತ ಹೋದಂತೆ ಬೆಳಕಿನ ಕಿಂಡಿ ತಾನೇ ಕಿರಿದಾದಂತೆ ವರ್ತಿಸುತ್ತದೆ. ಎಫ್ 4ರ ಮಸೂರ ಎರಡು ಪಟ್ಟಿನಲ್ಲಿ ಎಫ್ 12ರ ಹಾಗೆ ನಡೆದುಕೊಳ್ಳುತ್ತದೆ. ಇನ್ನೂ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಹರಡಿ ಸೂಕ್ಷ್ಮ ವಿವರ ಕರಗಿಹೋಗುತ್ತದೆ. ಈ ಎಫ್ 12ರಲ್ಲಿ 4 ಮೈಕ್ರಾನ್ ಅಂತರದ ಎರಡು ಚುಕ್ಕಿಗಳನ್ನು ಬೇರೆಬೇರೆಯಾಗಿ ಕಾಣಬಹುದು. ಆದರೆ ಇದಕ್ಕೆ ತೆರಬೇಕಾದ ಬೆಲೆ ಇದೆ. ಸ್ಪಷ್ಟವಾಗಿ ಕಾಣುವ ಆಳ ಸುಮಾರು 0.08 ಮಿ.ಮೀ. ಮಾತ್ರ, ಒಂದು ಕೂದಲಿನ ದಪ್ಪ. ಇರುವೆಯ ಕಣ್ಣು ಸ್ಪಷ್ಟವಾದರೆ ಅದರ ಮೀಸೆ ಮಸುಕು.

ಆದ್ದರಿಂದ ಒಂದೇ ಚಿತ್ರದಿಂದ ಕೆಲಸ ಮುಗಿಯದು. ಕ್ಯಾಮೆರಾವನ್ನು 0.05 ಮಿ.ಮೀ. ಮುಂದೆ ಸರಿಸಿ ಒಂದು, ಮತ್ತೆ ಅಷ್ಟೇ ಸರಿಸಿ ಇನ್ನೊಂದು, ಹೀಗೆ ತೆಗೆಯುತ್ತ ಹೋಗಬೇಕು. ಸಾಸಿವೆ ಕಾಳಿನ ಮುಂಭಾಗದ ಅರ್ಧಗೋಳಕ್ಕೆ ಇಪ್ಪತ್ತು ಚಿತ್ರ, ಒಂದು ಜೇಡಕ್ಕೆ ಎಂಬತ್ತು ತೊಂಬತ್ತು. ಆಮೇಲೆ ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಮುಂತಾದ ಸಾಫ್ಟ್‌ವೇರ್ ಪ್ರತಿ ಚಿತ್ರದ ಸ್ಪಷ್ಟ ಭಾಗವನ್ನು ಆರಿಸಿ ಒಂದಾಗಿ ಹೊಲಿಯುತ್ತದೆ. ಅಷ್ಟು ಸಣ್ಣ ಹೆಜ್ಜೆ ಇಡಲು ಮೋಟಾರಿನ ಸಾಧನಗಳು ಮಾರಾಟಕ್ಕಿವೆ. ಕಾಲೇಜಿನ ಪ್ರಯೋಗಾಲಯ ತೆಗೆದುಹಾಕಿದ ಸೂಕ್ಷ್ಮದರ್ಶಕದ ಫೈನ್ ಫೋಕಸ್ ತಿರುಪಿನ ಮೇಲೆ ವಸ್ತುವನ್ನು ಕೂರಿಸಿದರೂ ಅದೇ ಕೆಲಸ ಆಗುತ್ತದೆ. ಬೀದಿಯಲ್ಲಿ ಲಾರಿ ಹೋದರೆ ಆ ಚಿತ್ರ ಹೋಯಿತೆಂದೇ ಲೆಕ್ಕ. ಮೇಜು ನೂರನೇ ಒಂದು ಮಿ.ಮೀ. ಅದುರಿದರೆ ಸೆನ್ಸರಿನ ಮೇಲೆ ಅದು ಎರಡರಷ್ಟು, ಮೂರು ನಾಲ್ಕು ಪಿಕ್ಸೆಲ್ ಅಡ್ಡಾಡಿಬಿಡುತ್ತದೆ. ಫ್ಲಾಶ್ ಬಳಸಿದರೆ ಅದುರುವಿಕೆ ಅಷ್ಟು ಕಾಡದು. ಟೇಬಲ್ ಟೆನ್ನಿಸ್ ಚೆಂಡನ್ನು ಎರಡು ಹೋಳು ಮಾಡಿ ವಸ್ತುವಿನ ಮೇಲೆ ಕವುಚಿದರೆ ಫ್ಲಾಶಿನ ಬೆಳಕು ಮೆದುವಾಗುತ್ತದೆ, ಹೊಳೆಯುವ ಜೀರುಂಡೆಯ ಬೆನ್ನಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ಜೀವಂತ ಹುಳುವಿಗೆ ಇದು ಒಗ್ಗುವ ಕೆಲಸವಲ್ಲ, ಅದು ಎಂಬತ್ತು ಚಿತ್ರದವರೆಗೆ ಕೂತಿರುವುದಿಲ್ಲ. ಮಳೆಗಾಲದ ಬೆಳಿಗ್ಗೆ ಬೀದಿದೀಪದ ಕೆಳಗೆ, ಕಿಟಕಿಯ ಹಲಗೆಯ ಮೇಲೆ ಸತ್ತು ಬಿದ್ದ ಹುಳುಗಳು ಬೇಕಾದಷ್ಟು ಸಿಗುತ್ತವೆ. ಚಿತ್ರಕ್ಕಾಗಿ ಕೊಲ್ಲುವುದು ಬೇಡ. ನನ್ನ ಕೇಳಿದರೆ ಹುಳುವಿಗಿಂತ ಮೊದಲು ಈ ಮಸೂರಕ್ಕೆ ಅದರ ಹುಟ್ಟುಗುಣದ ವಸ್ತುಗಳನ್ನು ತೋರಿಸಬೇಕು, ಎಂದರೆ ಚಪ್ಪಟೆಯಾದವನ್ನು. ಐನೂರರ ನೋಟಿನ ಮೇಲೆ ಬರಿಗಣ್ಣಿಗೆ ಬರೀ ಗೆರೆಯಂತೆ ಕಾಣುವ ಕಡೆ ಸೂಕ್ಷ್ಮ ಅಕ್ಷರಗಳಿವೆ. ಮೈಸೂರು ರೇಷ್ಮೆ ಸೀರೆಯ ಅಂಚಿನಲ್ಲಿ ಜರಿ ಎಂದರೆ ನೂಲಿನ ಸುತ್ತ ಲೋಹದ ಪಟ್ಟಿ ಸುತ್ತಿದ್ದು, ಆ ಸುತ್ತುಗಳನ್ನು ಒಂದೊಂದಾಗಿ ಎಣಿಸಬಹುದು, ಎಲ್ಲಿ ಸವೆದು ಒಳಗಿನ ನೂಲು ಇಣುಕಿದೆ ಎಂಬುದೂ ತಿಳಿಯುತ್ತದೆ. ಅಂಚೆಚೀಟಿಯಲ್ಲಿ ಬಣ್ಣ ಎಂದುಕೊಂಡದ್ದು ಚುಕ್ಕಿಗಳ ರಾಶಿಯಾಗುತ್ತದೆ. ಹುಳುಗಳಲ್ಲೂ ಚಿಟ್ಟೆಯ ರೆಕ್ಕೆಯೇ ಮೊದಲು. ಅದರ ಮೇಲೆ ಹಂಚು ಹೊದಿಸಿದಂತಿರುವ ಹುರುಪೆಗಳ ಉದ್ದ ಸುಮಾರು 100 ಮೈಕ್ರಾನ್, ಈ ಮಸೂರಕ್ಕೆ ಅಷ್ಟು ಸಾಕೋ ಸಾಕು.

ಫಿಲಂ ಸ್ಕ್ಯಾನರ್ ಎಲ್ಲರಿಗೂ ಸಿಗುವ ವಸ್ತುವಲ್ಲ, ನಿಜ. ಹಾಗಾದರೆ ಕಚೇರಿಗಳಲ್ಲಿ ಕಾಗದ ಸ್ಕ್ಯಾನ್ ಮಾಡುತ್ತಿದ್ದ ದಪ್ಪನೆಯ ಹಳೆಯ ಯಂತ್ರವನ್ನು ಹುಡುಕಿ. ಅದರಲ್ಲೂ ಒಂದು ಪುಟ್ಟ ಮಸೂರ ಇದೆ. ಯಂತ್ರ ಓದುವ ಕಾಗದದ ಅಗಲ 216 ಮಿ.ಮೀ. ಎಂದಿಟ್ಟುಕೊಳ್ಳಿ. ಅಂಗುಲಕ್ಕೆ 600 ಬಿಂದುವಿನಂತೆ ಅದು 5100 ಬಿಂದುಗಳಾಗುತ್ತದೆ. ಸೆನ್ಸರಿನ ಒಂದೊಂದು ಕಣ್ಣು 8 ಮೈಕ್ರಾನ್ ಇದ್ದರೆ ಇಡೀ ಸೆನ್ಸರಿನ ಉದ್ದ 41 ಮಿ.ಮೀ. ಅಂದರೆ ಆ ಮಸೂರ ಕಾಗದವನ್ನು ಐದರಲ್ಲಿ ಒಂದು ಪಾಲಿಗೆ ಕುಗ್ಗಿಸುತ್ತಿತ್ತು. ಅದನ್ನೇ ತಿರುಗಿಸಿ ಹಿಡಿದರೆ ಐದು ಪಟ್ಟು ಹಿಗ್ಗಿಸುತ್ತದೆ. ಫಿಲಂ ಸ್ಕ್ಯಾನರಿನ ಶುಚಿತ್ವ ಇದರಲ್ಲಿಲ್ಲ, ಬಣ್ಣದ ಅಂಚು ಕಾಣುತ್ತದೆ, ಆದರೂ ಪ್ರೌಢಶಾಲೆಯ ಮಕ್ಕಳಿಗೆ ದೃಗ್ವಿಜ್ಞಾನ ಕಲಿಸಲು ಇದಕ್ಕಿಂತ ಅಗ್ಗದ ಪಾಠ ಇಲ್ಲ. ಆದರೆ ತೆಳ್ಳನೆಯ, ಯುಎಸ್‌ಬಿಯಿಂದಲೇ ಓಡುವ ಸ್ಕ್ಯಾನರುಗಳನ್ನು ಬಿಚ್ಚಬೇಡಿ. ಅವುಗಳಲ್ಲಿ ಮಸೂರದ ಬದಲು ಗಾಜಿನ ಸಣ್ಣ ಕಡ್ಡಿಗಳ ಸಾಲು ಇರುತ್ತದೆ, ನಮಗೆ ಉಪಯೋಗಕ್ಕೆ ಬಾರದು.

ಒಂದು ವಿಷಯದಲ್ಲಿ ನಾನು ಸ್ವಲ್ಪ ಗಡುಸು. ಕೆಲಸ ಮಾಡುವ ಫಿಲಂ ಸ್ಕ್ಯಾನರನ್ನು ಮಸೂರದ ಆಸೆಗೆ ಒಡೆಯಬಾರದು. ಹಾಗೆ ಒಡೆಯುವವರಿದ್ದಾರೆ, ಯಂತ್ರಕ್ಕಿಂತ ಮಸೂರಕ್ಕೇ ಗಿರಾಕಿ ಹೆಚ್ಚು ಎಂಬ ವಾದವೂ ಇದೆ. ಆದರೆ ನಮ್ಮ ಮನೆಗಳ, ಪತ್ರಿಕೆಗಳ, ಸಂಸ್ಥೆಗಳ ಬೀರುಗಳಲ್ಲಿ ಇನ್ನೂ ಯಾರೂ ಓದದ ನೆಗೆಟಿವ್‌ಗಳು ರಾಶಿ ಬಿದ್ದಿವೆ, ಅವನ್ನು ಓದುವ ನಿಕಾನ್, ಮಿನೋಲ್ಟಾದ ಇಂಥ ಯಂತ್ರಗಳು ಮತ್ತೆ ತಯಾರಾಗುತ್ತಿಲ್ಲ. ಸತ್ತಿದೆ ಎಂದು ಎಸೆದ ಕೂಲ್‌ಸ್ಕ್ಯಾನ್‌ಗಳಲ್ಲಿ ಅನೇಕ ಸತ್ತಿರುವುದಿಲ್ಲ. ಮಸೂರದ ಮುಂದಿರುವ ಕನ್ನಡಿಗೆ ಧೂಳು ಕೂತು ಚಿತ್ರ ಮಂಕಾಗಿರುತ್ತದೆ, ಇಲ್ಲವೇ ಸರಳಿನ ಗ್ರೀಸು ಒಣಗಿ ಗಾಡಿ ಸರಿಯುತ್ತಿರುವುದಿಲ್ಲ. ಸಾಫ್ಟ್‌ವೇರ್ ಇಲ್ಲ ಎನ್ನುವವರಿಗೆ ವ್ಯೂಸ್ಕ್ಯಾನ್ ಇದೆ, ಕಂಪನಿಗಳು ಕೈಬಿಟ್ಟ ಎಷ್ಟೋ ಸ್ಕ್ಯಾನರುಗಳನ್ನು ಅದು ಹೊಸ ಕಂಪ್ಯೂಟರಿನಲ್ಲೂ ನಡೆಸುತ್ತದೆ. ಇವೆಲ್ಲ ಮಾಡಿ, ನಿಜಕ್ಕೂ ಏಳದಿದ್ದರೆ ಮಾತ್ರ ತಿರುಪುಳಿ ಕೈಗೆತ್ತಿಕೊಳ್ಳಿ.

ಹಾಗೆ ಹೊರತೆಗೆದ ಮಸೂರಕ್ಕೆ ಹಳೆಯ ಉದ್ಯೋಗವನ್ನೇ ಮತ್ತೆ ಕೊಡುವವರೂ ಇದ್ದಾರೆ. ನಿಕಾನ್ 9000ರ ಮಸೂರವನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿ, ಕೆಳಗೆ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು, ಒಂದಕ್ಕೆ ಒಂದರಲ್ಲಿ ಫೋಟೋ ತೆಗೆಯುತ್ತಾರೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾದ ಅಡ್ಡಕ್ಕೆ 6000 ಪಿಕ್ಸೆಲ್, ನೆಗೆಟಿವ್ 36 ಮಿ.ಮೀ. ಅಂಗುಲಕ್ಕೆ 4200 ಬಿಂದು ಬಂತು, ಹೆಚ್ಚುಕಡಿಮೆ ಆ ಸ್ಕ್ಯಾನರಿನದೇ ಲೆಕ್ಕ. ನಿಮಿಷಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದು ಕ್ಲಿಕ್ಕಿಗೆ ಮುಗಿಯುತ್ತದೆ. ಮನೆಯಲ್ಲಿ ಹಳೆಯ ಆಲ್ಬಮ್ಮಿನ ನೆಗೆಟಿವ್‌ಗಳಿದ್ದರೆ ಯತ್ನಿಸಿ ನೋಡಿ. ಬೆಳಕಿಗೆ ಮೊಬೈಲಿನ ಪರದೆ ಬಳಸುವುದಾದರೆ ನೆಗೆಟಿವನ್ನು ಪರದೆಯಿಂದ ಎರಡು ಮೂರು ಅಂಗುಲ ಎತ್ತರದಲ್ಲಿಡಿ, ಇಲ್ಲವಾದರೆ ಪರದೆಯ ಪಿಕ್ಸೆಲ್ಲುಗಳೂ ಚಿತ್ರದಲ್ಲಿ ಮೂಡುತ್ತವೆ. ಧೂಳನ್ನು ಮಾತ್ರ ಬ್ಲೋಯರಿನಿಂದ ಮೊದಲೇ ಊದಿಬಿಡಿ. ಈ ಏರ್ಪಾಟಿನಲ್ಲಿ ಅವಕೆಂಪು ಕಿರಣದ ನೆರವು ಇಲ್ಲ, ಒಂದೊಂದು ಕಣವನ್ನೂ ನೀವೇ ಕೂತು ಅಳಿಸಬೇಕಾಗುತ್ತದೆ.